ಫಿಸಿಯೋಥೆರಪಿ ಶಿಕ್ಷಣದಲ್ಲಿ ಸಿಮ್ಯುಲೇಷನ್

ಫಿಸಿಯೋಥೆರಪಿ (ಭೌತಚಿಕಿತ್ಸೆ) ಶಿಕ್ಷಣದಲ್ಲಿ ಸಿಮ್ಯುಲೇಷನ್ ಎಂದರೆ ಆಸ್ಪತ್ರೆಯ ಸನ್ನಿವೇಶವನ್ನು ಕೃತಕವಾಗಿ ನಿರ್ಮಿಸಿ, ನಿಜವಾದ ರೋಗಿಯನ್ನು ಮುಟ್ಟುವ ಮೊದಲು ವಿದ್ಯಾರ್ಥಿಗೆ ಅದರಲ್ಲಿ ಅಭ್ಯಾಸ ಕೊಡುವ ಬೋಧನಾ ವಿಧಾನ. ಕಂಪ್ಯೂಟರ್ ನಿಯಂತ್ರಿತ ಮಾನವಾಕೃತಿಯ ಬೊಂಬೆ, ವರ್ಚುವಲ್ ರಿಯಾಲಿಟಿ ಸಾಧನಗಳು ಹಾಗೂ ರೋಗಿಯ ಪಾತ್ರ ವಹಿಸುವ ತರಬೇತಾದ ನಟರನ್ನು ಇದರಲ್ಲಿ ಬಳಸಲಾಗುತ್ತದೆ.

ತೀವ್ರ ನಿಗಾ ಘಟಕದ ತರಬೇತಿಗೆ ಬೊಂಬೆ ಬಹಳ ಉಪಯುಕ್ತ. ಅದರ ಎದೆ ಉಸಿರಾಟಕ್ಕೆ ತಕ್ಕಂತೆ ಏರಿಳಿಯುತ್ತದೆ. ಸ್ಟೆತೊಸ್ಕೋಪ್ ಇಟ್ಟರೆ ಶ್ವಾಸಕೋಶದ ಸದ್ದು ಕೇಳಿಸುತ್ತದೆ. ವಿದ್ಯಾರ್ಥಿಯು ಶ್ವಾಸನಾಳದ ಕಫವನ್ನು ಹೀರಿ ತೆಗೆಯುತ್ತಿರುವಾಗ ಬೋಧಕರು ಮಾನಿಟರಿನಲ್ಲಿ ಆಮ್ಲಜನಕದ ಮಟ್ಟವನ್ನು ಇಳಿಸಬಲ್ಲರು. ಆಗ ಕೆಲಸ ನಿಲ್ಲಿಸಬೇಕೆ, ಆಮ್ಲಜನಕ ಹೆಚ್ಚಿಸಬೇಕೆ, ಯಾರನ್ನು ಕರೆಯಬೇಕು ಎಂಬ ನಿರ್ಧಾರ ವಿದ್ಯಾರ್ಥಿಯದು. ಅದು ತಪ್ಪಿದರೂ ಯಾರ ಜೀವಕ್ಕೂ ಅಪಾಯವಿಲ್ಲ. ಏನು ನಡೆಯಿತೆಂದು ಬಳಿಕ ಬೋಧಕರೊಡನೆ ಚರ್ಚಿಸಲಾಗುತ್ತದೆ.

ಆದರೆ ಇಂತಹ ಬೊಂಬೆ ಎದ್ದು ನಡೆಯಲಾರದು, ಕೀಲನ್ನು ಬಾಗಿಸಿದಾಗ ನೋವಿನಿಂದ ಸ್ನಾಯು ಬಿಗಿಹಿಡಿಯಲಾರದು. ಕೈಯ ಸ್ಪರ್ಶವೇ ಮುಖ್ಯವಾದ ಈ ವೃತ್ತಿಯಲ್ಲಿ ಇದು ಸಣ್ಣ ಕೊರತೆಯಲ್ಲ. ಹೀಗಾಗಿ ಮೂಳೆ-ಸ್ನಾಯು ವಿಭಾಗಕ್ಕೆ ನಟರೇ ಹೆಚ್ಚು ಸೂಕ್ತ.

ಆಸ್ಟ್ರೇಲಿಯದ ಪ್ರಯೋಗಗಳು

2012ರಲ್ಲಿ ಪ್ರಕಟವಾದ ಎರಡು ಯಾದೃಚ್ಛಿಕ ಪ್ರಯೋಗಗಳಲ್ಲಿ ಆಸ್ಟ್ರೇಲಿಯದ 6 ವಿಶ್ವವಿದ್ಯಾಲಯಗಳ 370 ವಿದ್ಯಾರ್ಥಿಗಳು ಭಾಗವಹಿಸಿದ್ದರು. ಒಂದು ಗುಂಪಿಗೆ 4 ವಾರಗಳ ಮೂಳೆ-ಸ್ನಾಯು ಚಿಕಿತ್ಸಾ ತರಬೇತಿಯ ಕಾಲು ಭಾಗದ ಬದಲು ನಟರೊಂದಿಗಿನ ಸಿಮ್ಯುಲೇಷನ್ ನೀಡಲಾಯಿತು. ಕೊನೆಯ ಮೌಲ್ಯಮಾಪನದಲ್ಲಿ ಈ ಗುಂಪಿನ ಸಾಮರ್ಥ್ಯ ಇನ್ನೊಂದು ಗುಂಪಿಗಿಂತ ಕಡಿಮೆಯಿರಲಿಲ್ಲ. ಹೃದಯ-ಶ್ವಾಸಕೋಶ ವಿಭಾಗದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗಗಳ ಫಲಿತಾಂಶವೂ ಇದೇ ಆಗಿತ್ತು. ಆದರೆ ಬದಲಿಸಿದ್ದು ಕಾಲು ಭಾಗವನ್ನು ಮಾತ್ರ. ಉಳಿದ ಅವಧಿಯನ್ನು ಈ ವಿದ್ಯಾರ್ಥಿಗಳೂ ನಿಜವಾದ ರೋಗಿಗಳೊಂದಿಗೇ ಕಳೆದಿದ್ದರು.