ಋಣ ಘಾತಾಂಕವೂ ಅವಕಲನದ ಘಾತನಿಯಮವೂ

ಘಾತಾಂಕದಿಂದ ಗುಣಿಸಿ, ಘಾತಾಂಕದಲ್ಲಿ ಒಂದನ್ನು ಕಳೆಯಬೇಕೆಂಬ ಅವಕಲನದ ನಿಯಮವು ಋಣ ಘಾತಾಂಕಗಳಿಗೂ ಸಲ್ಲುವುದೆಂಬುದನ್ನು ನಮ್ಮ ವಿದ್ಯಾರ್ಥಿಗಳು ಪ್ರಶ್ನಿಸದೆ ಒಪ್ಪುತ್ತಾರೆ. ಸಂಕೇತವು ಒಂದೇ ಆದಮಾತ್ರಕ್ಕೆ ನಿಯಮವೂ ಒಂದೇ ಆಗಬೇಕೆ?

ಸಂಕೇತದ ಕಥೆ ದೀರ್ಘವಾದುದು. ಫ್ರಾನ್ಸಿನ ಶೂಕೆ 1484ರಲ್ಲಿಯೇ ಋಣ ಘಾತಾಂಕಗಳನ್ನು ಬಳಸಿದ್ದನು. ಆದರೆ ಆ ಗ್ರಂಥವು ಹತ್ತೊಂಬತ್ತನೆಯ ಶತಮಾನದವರೆಗೆ ಹಸ್ತಪ್ರತಿಯಾಗಿಯೇ ಉಳಿಯಿತು. 1656ರಲ್ಲಿ ವಾಲಿಸನು ವ್ಯುತ್ಕ್ರಮ ಘಾತಗಳಿಗೆ ಋಣಸೂಚಿಗಳನ್ನು ಕಲ್ಪಿಸಿದನು. ಅವುಗಳನ್ನು ಇಂದಿನಂತೆ ಬರೆಯುವ ಕ್ರಮವನ್ನು ನ್ಯೂಟನ್ನನು 1676ರಲ್ಲಿ, ಓಲ್ಡನ್‌ಬರ್ಗನ ಮೂಲಕ ಲೈಬ್ನಿಟ್ಸನಿಗೆ ಕಳುಹಿಸಿದ ಪತ್ರದಲ್ಲಿ ವಿವರಿಸಿದನು.

1684ರಲ್ಲಿ ‘ಆಕ್ಟಾ ಎರುಡಿಟೋರಂ’ ಪತ್ರಿಕೆಯಲ್ಲಿ ಪ್ರಕಟವಾದ ಲೈಬ್ನಿಟ್ಸನ ಲೇಖನವು ಇಲ್ಲಿ ಬಹು ಮುಖ್ಯವಾದುದು. ಅದರಲ್ಲಿ ಘಾತಗಳಿಗೆ ಒಂದು ನಿಯಮವಿದೆ, ಅವುಗಳ ವ್ಯುತ್ಕ್ರಮಗಳಿಗೆ ಮತ್ತೊಂದಿದೆ. ಘನದ ವ್ಯುತ್ಕ್ರಮವನ್ನು ಅವಕಲಿಸಿದರೆ ನಾಲ್ಕನೆಯ ಘಾತದ ವ್ಯುತ್ಕ್ರಮದ ಋಣ ಮೂರರಷ್ಟು ದೊರೆಯುವುದೆಂಬುದು ಅವನೇ ಕೊಟ್ಟ ಉದಾಹರಣೆ. ಘಾತಾಂಕವು ಋಣವಾದಾಗ ಘಾತವೇ ಭಿನ್ನರಾಶಿಯಾಗುವುದರಿಂದ ಮೊದಲನೆಯ ನಿಯಮವೊಂದೇ ಸಾಕಾಗುತ್ತಿತ್ತೆಂದೂ ಅವನು ಒಪ್ಪುತ್ತಾನೆ. ಮೇಲಿಂದ ಮೇಲೆ ಬೇಕಾಗುವ ಫಲಿತಗಳಾದ್ದರಿಂದ ಇತರರಿಗೆ ಬಿಡದೆ ತಾನೇ ಬರೆದನಂತೆ. ಉಪಾಧ್ಯಾಯನಿಗೆ ಒಪ್ಪುವ ಮಾತಿದು!

ಆದರೆ ಅವನು ಉಪಪತ್ತಿಯನ್ನು ಕೊಡಲಿಲ್ಲ. ಅದು ಕಷ್ಟವೇನೂ ಅಲ್ಲ. ಬೇಕಾದ ಸಾಧನವಾದ ಗುಣಲಬ್ಧದ ನಿಯಮವು ಅದೇ ಲೇಖನದಲ್ಲಿದೆ. ಘಾತವನ್ನು ಅದರ ವ್ಯುತ್ಕ್ರಮದಿಂದ ಗುಣಿಸಿದರೆ ಒಂದು ಬರುತ್ತದೆ. ಒಂದು ಎಂಬುದು ಸ್ಥಿರರಾಶಿ, ಅದರ ಅವಕಲನ ಶೂನ್ಯ. ವ್ಯುತ್ಕ್ರಮಕ್ಕೆ ಅವಕಲನವಿದೆಯೆಂದು ಒಪ್ಪಿ ಆ ಗುಣಲಬ್ಧವನ್ನು ಅವಕಲಿಸಿದರೆ, ಋಣಚಿಹ್ನೆಯೂ ಹೆಚ್ಚಿದ ಛೇದದ ಘಾತವೂ ತಾವಾಗಿಯೇ ಹೊರಬೀಳುತ್ತವೆ.