ಕ್ರೈಸ್ತಧರ್ಮದಲ್ಲಿ ಶಾಸ್ತ್ರೈಕಪ್ರಾಮಾಣ್ಯ

ನಂಬಿಕೆಯ ವಿಷಯದಲ್ಲಿಯೂ ನಡತೆಯ ವಿಷಯದಲ್ಲಿಯೂ ಕಡೆಯ ತೀರ್ಪು ಹೇಳುವ ಅಧಿಕಾರ ಬೈಬಲಿಗೆ ಮಾತ್ರ ಉಂಟು, ಸಭೆಯ ಮಹಾಸಮಿತಿಗಳಾಗಲಿ ಪೋಪರ ಆಜ್ಞೆಗಳಾಗಲಿ ಪರಂಪರಾಗತವಾದ ವಿಶ್ವಾಸಪ್ರಮಾಣಗಳಾಗಲಿ ಅದಕ್ಕೆ ಸಮಾನವಾಗಲಾರವು ಎಂದು ಪ್ರತಿಪಾದಿಸುವ ಕ್ರೈಸ್ತ ಸಿದ್ಧಾಂತ. ಯೂರೋಪಿನಲ್ಲಿ ಇದು ಹದಿನಾರನೆಯ ಶತಮಾನದ ಮತಸುಧಾರಣೆಯ ಕಲಹದಲ್ಲಿ ರೂಪುಗೊಂಡಿತು. ಕನ್ನಡನಾಡಿಗಾದರೋ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬಳ್ಳಾರಿಯ ಮಿಷನರಿಗಳು ಕನ್ನಡಿಸಿದ ಅಚ್ಚಿನ ಗ್ರಂಥವೊಂದರ ಮೂಲಕ ಬಂದಿತು. ಮೂರು ಮಿಷನ್ನುಗಳ ಕಾರ್ಯಕ್ಷೇತ್ರಗಳು ಒಂದನ್ನೊಂದು ಸಮೀಪಿಸುತ್ತಿದ್ದ ದಾವಣಗೆರೆ–ಹರಿಹರ ಸೀಮೆಯು ಈ ಸಿದ್ಧಾಂತದ ನಾನಾ ಮುಖಗಳನ್ನು ಒಟ್ಟಿಗೆ ಪರಿಶೀಲಿಸಲು ತಕ್ಕ ಸ್ಥಳವಾಗಿದೆ.

ಸ್ವರೂಪ

ವಿಶ್ವಾಸಪ್ರಮಾಣವೆಂದರೆ ಸಭೆಯು ತಾನು ನಂಬುವುದನ್ನು ಸಂಗ್ರಹಿಸಿ ಹೇಳುವ, ಆರಾಧನೆಯಲ್ಲಿ ಎಲ್ಲರೂ ಒಕ್ಕೊರಲಿನಿಂದ ಉಚ್ಚರಿಸುವ ಹೇಳಿಕೆ. ಅಪೊಸ್ತಲರ ವಿಶ್ವಾಸಪ್ರಮಾಣವೂ ನೈಸೀಯ ವಿಶ್ವಾಸಪ್ರಮಾಣವೂ ಇವುಗಳಲ್ಲಿ ಪ್ರಧಾನವಾದವು. ಇಂಥ ಪ್ರಮಾಣಗಳಿಗೂ ಶಾಸ್ತ್ರಕ್ಕೂ, ಎಂದರೆ ಬೈಬಲಿಗೂ, ಇರಬೇಕಾದ ಸಂಬಂಧವನ್ನು ಕುರಿತು ಎರಡು ಪಕ್ಷಗಳುಂಟು. ಸ್ಮೃತಿಯು ಶ್ರುತಿಯನ್ನು ಅನುಸರಿಸುವವರೆಗೆ ಗ್ರಾಹ್ಯ, ವಿರೋಧ ಬಂದಲ್ಲಿ ಶ್ರುತಿಯೇ ಬಲೀಯ ಎಂಬ ನಮ್ಮ ಮೀಮಾಂಸಕರ ನ್ಯಾಯವನ್ನು ಬಲ್ಲವರಿಗೆ ಮೊದಲನೆಯ ಪಕ್ಷ ಸುಲಭವಾಗಿ ತಿಳಿದೀತು: ಮತಸುಧಾರಕರಾದ ಲೂಥರ್ ಮೊದಲಾದವರು ಪ್ರಾಚೀನ ಪ್ರಮಾಣಗಳನ್ನು ತ್ಯಜಿಸದೆ ಶಾಸ್ತ್ರಾಧೀನವಾಗಿ ಉಳಿಸಿಕೊಂಡರು. ಎರಡನೆಯ ಪಕ್ಷದವರು, ಮನುಷ್ಯರು ರಚಿಸಿದ ಹೇಳಿಕೆಗಳೇ ಕ್ರೈಸ್ತರನ್ನು ಪಂಗಡಪಂಗಡವಾಗಿ ಒಡೆದುವೆಂದೂ ಅವುಗಳಿಗೆ ಸಮ್ಮತಿ ಕೊಡಬೇಕೆಂದು ಯಾರನ್ನೂ ನಿರ್ಬಂಧಿಸಲಾಗದೆಂದೂ ವಾದಿಸುವರು.

ಪೂರ್ವೇತಿಹಾಸ

ಈ ವಿವಾದದ ಬೀಜ ಬಹಳ ಹಳೆಯದು. 325ರಲ್ಲಿ ನೈಸೀಯದಲ್ಲಿ ಸೇರಿದ ಮಹಾಸಮಿತಿ, ತಂದೆಗೂ ಮಗನಿಗೂ ಸತ್ತ್ವ ಒಂದೇ ಎಂದು ನಿರ್ಣಯಿಸುವಾಗ ಶಾಸ್ತ್ರದಲ್ಲಿ ಎಲ್ಲಿಯೂ ಇಲ್ಲದ ಪಾರಿಭಾಷಿಕ ಪದವೊಂದನ್ನು ಬಳಸಿತೆಂದು ಆಗಲೇ ಆಕ್ಷೇಪ ಬಂದಿತ್ತು. ಆ ನಿರ್ಣಯದ ಸಮರ್ಥಕನಾದ ಅಥನೇಸಿಯಸನೇ 367ರ ತನ್ನ ಈಸ್ಟರ್ ಪತ್ರದಲ್ಲಿ ಹೊಸ ಒಡಂಬಡಿಕೆಯ ಇಪ್ಪತ್ತೇಳು ಗ್ರಂಥಗಳನ್ನು ಎಣಿಸಿಕೊಟ್ಟನು. ಶಾಸ್ತ್ರದ ಎಲ್ಲೆಯನ್ನು ಗುರುತಿಸಿದ್ದೂ ಸಭೆಯೇ ಎಂಬ ಕಥೋಲಿಕರ ಪ್ರತಿವಾದಕ್ಕೆ ಇಂಥ ಸಂಗತಿಗಳು ಆಧಾರ.

1521ರ ಏಪ್ರಿಲಿನಲ್ಲಿ ವರ್ಮ್ಸ್ ನಗರದ ಸಾಮ್ರಾಜ್ಯಸಭೆಯ ಮುಂದೆ ಮಾರ್ಟಿನ್ ಲೂಥರನು, ಪೋಪರೂ ಸಮಿತಿಗಳೂ ತಪ್ಪಿದ್ದುಂಟಾದ್ದರಿಂದ ಶಾಸ್ತ್ರದ ಸಾಕ್ಷ್ಯದಿಂದಾಗಲಿ ಸ್ಪಷ್ಟವಾದ ಯುಕ್ತಿಯಿಂದಾಗಲಿ ಮನವರಿಕೆಯಾದ ಹೊರತು ತನ್ನ ಬರಹಗಳನ್ನು ಹಿಂತೆಗೆದುಕೊಳ್ಳಲಾರೆನೆಂದು ನುಡಿದನು. ಮರುವರ್ಷ ಅವನ ಜರ್ಮನ್ ಹೊಸ ಒಡಂಬಡಿಕೆ ಪ್ರಕಟವಾಯಿತು. ಆದರೂ ಲೂಥರನ ಅನುಯಾಯಿಗಳು 1530ರಲ್ಲಿ ಆಗ್ಸ್‌ಬರ್ಗಿನಲ್ಲಿ ಒಪ್ಪಿಸಿದ ಹೇಳಿಕೆ ನೈಸೀಯ ನಿರ್ಣಯವನ್ನು ಎತ್ತಿಹಿಡಿಯುವುದರಿಂದಲೇ ಮೊದಲಾಗುತ್ತದೆ. ಶಾಸ್ತ್ರವೊಂದೇ ಪ್ರಮಾಣವೆಂಬ ವಾದಕ್ಕೆ ಉತ್ತರವಾಗಿ ಕಥೋಲಿಕರ ಟ್ರೆಂಟ್ ಮಹಾಸಮಿತಿಯು 1546ರಲ್ಲಿ, ಲಿಖಿತ ಗ್ರಂಥಗಳನ್ನೂ ಅಪೊಸ್ತಲರಿಂದ ಬಂದ ಅಲಿಖಿತ ಪರಂಪರೆಗಳನ್ನೂ ಸಮಾನ ಭಕ್ತಿಯಿಂದ ಸ್ವೀಕರಿಸತಕ್ಕದ್ದೆಂದು ವಿಧಿಸಿತು.

ಎರಡನೆಯ ಪಕ್ಷ ಪ್ರಬಲವಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1809ರಲ್ಲಿ ಅಮೆರಿಕದಲ್ಲಿ ಥಾಮಸ್ ಕ್ಯಾಂಪ್ಬೆಲ್, ಕ್ರೈಸ್ತರ ಐಕ್ಯಕ್ಕೆ ಬೈಬಲೊಂದೇ ಸಾಲುವುದೆಂದು ಘೋಷಿಸಿದನು. 1820ರ ದಶಕದ ಕೊನೆಯಲ್ಲಿ ಡಬ್ಲಿನ್ ನಗರದಲ್ಲಿ, ದೀಕ್ಷಿತ ಪಾದ್ರಿಗಳಾಗಲಿ ವಿಧಿಬದ್ಧ ಪ್ರಮಾಣಗಳಾಗಲಿ ಇಲ್ಲದೆ ರೊಟ್ಟಿ ಮುರಿಯಲು ಕೂಡುತ್ತಿದ್ದವರಿಂದ ಬ್ರದರನ್ ಸಭೆಗಳು ಹುಟ್ಟಿದುವು. ಅವರಲ್ಲಿ ಪ್ರಮುಖನಾದ ಆಂಥೊನಿ ನಾರಿಸ್ ಗ್ರೋವ್ಸ್ ಬಾಗ್ದಾದಿನ ಮಾರ್ಗವಾಗಿ 1833ರಲ್ಲಿ ಭಾರತಕ್ಕೆ ಬಂದನು.

ಕನ್ನಡದಲ್ಲಿ ಉಪದೇಶ ಮತ್ತು ಶಾಸ್ತ್ರ

ಕನ್ನಡಿಗರಿಗೆ ಮೊದಲು ದೊರೆತದ್ದು ಶಾಸ್ತ್ರವಲ್ಲ, ಉಪದೇಶ. ಹದಿನೇಳನೆಯ ಶತಮಾನದ ಮಧ್ಯದಲ್ಲಿ ಮೈಸೂರು ಮಿಷನ್ನನ್ನು ಸ್ಥಾಪಿಸಿದ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿಯು ಕನ್ನಡ ಕಲಿತು ಈ ಭಾಷೆಯಲ್ಲಿ ಧರ್ಮೋಪದೇಶವನ್ನು ರಚಿಸಿದನು. ಆ ಕಾಲದ ಕನ್ನಡ ಕ್ರೈಸ್ತರು ವಿಶ್ವಾಸಸಂಗ್ರಹವನ್ನೂ ಪ್ರಾರ್ಥನೆಗಳನ್ನೂ ಕೇಳಿ ಕಂಠಸ್ಥ ಮಾಡಿಕೊಂಡವರು. ಬೈಬಲನ್ನು ತಾವೇ ಓದಿ ಅರ್ಥ ವಿಚಾರಿಸುವ ಪ್ರಸಂಗವೇ ಅವರಿಗೆ ಒದಗಿರಲಿಲ್ಲ.

ಈ ಕ್ರಮವನ್ನು ಬದಲಾಯಿಸಿದ್ದು ಬಳ್ಳಾರಿ. 1795ರಲ್ಲಿ ಹುಟ್ಟಿದ ಲಂಡನ್ ಮಿಷನರಿ ಸಂಘ, ಮರುವರ್ಷವೇ ಅಂಗೀಕರಿಸಿದ ತನ್ನ ಮೂಲತತ್ತ್ವದಲ್ಲಿ, ಬಿಷಪರ ಆಡಳಿತವನ್ನಾಗಲಿ ಪ್ರೆಸ್‌ಬಿಟೇರಿಯನ್ ಪದ್ಧತಿಯನ್ನಾಗಲಿ ಬೇರಾವ ಸಭಾವ್ಯವಸ್ಥೆಯನ್ನಾಗಲಿ ಹರಡದೆ ಸುವಾರ್ತೆಯನ್ನು ಮಾತ್ರ ಸಾರುವುದಾಗಿಯೂ, ತಮಗೆ ಶಾಸ್ತ್ರಸಮ್ಮತವೆಂದು ಕಂಡ ವ್ಯವಸ್ಥೆಯನ್ನು ಹೊಸ ವಿಶ್ವಾಸಿಗಳೇ ಆರಿಸಿಕೊಳ್ಳತಕ್ಕದ್ದೆಂದೂ ಸಾರಿತ್ತು. ಆ ಸಂಘದ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಮುಂದೆ ಬಂದು ಸೇರಿದ ವಿಲಿಯಂ ರೀವ್ ಮೊದಲಾದವರ ನೆರವಿನಿಂದ ಶಾಸ್ತ್ರವನ್ನು ಕನ್ನಡಿಸುವ ಕಾರ್ಯಕ್ಕೆ ತೊಡಗಿದನು. 1831ರ ಹೊತ್ತಿಗೆ ಹಳೆಯ ಮತ್ತು ಹೊಸ ಒಡಂಬಡಿಕೆಗಳೆರಡೂ ಕೂಡಿದ ಸಂಪೂರ್ಣ ಬೈಬಲ್ ಕನ್ನಡದಲ್ಲಿ ಸಿದ್ಧವಾಯಿತು. 1804ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಬೈಬಲ್ ಸಂಘವು, ಪಂಗಡಗಳ ಜಗಳಕ್ಕೆ ಎಡೆಯಾಗದಂತೆ, ಟಿಪ್ಪಣಿ ವ್ಯಾಖ್ಯಾನಗಳಿಲ್ಲದ ಪಾಠವನ್ನಷ್ಟೇ ಹಂಚಬೇಕೆಂಬ ನಿಯಮವನ್ನಿಟ್ಟುಕೊಂಡಿತ್ತು. ವ್ಯವಹಾರದ ಅನುಕೂಲಕ್ಕೆಂದು ಮಾಡಿದ ಈ ನಿಯಮ, ಯಾವ ಸಭಾಪರಂಪರೆಯನ್ನೂ ಅರಿಯದ ಓದುಗನ ಕೈಗೆ ಬರಿಯ ಮೂಲವನ್ನೇ ಇಟ್ಟು, ಶಾಸ್ತ್ರೈಕಪ್ರಾಮಾಣ್ಯವನ್ನು ಅನಾಯಾಸವಾಗಿ ಆಚರಣೆಗೆ ತಂದಿತು. ಶತಮಾನದ ಮಧ್ಯಭಾಗದಲ್ಲಿ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ಮೊದಲಾದವರು ಈ ಭಾಷಾಂತರವನ್ನು ಪರಿಷ್ಕರಿಸಿದರು.

ದಾವಣಗೆರೆ–ಹರಿಹರ ಸೀಮೆ

1997ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ದಾವಣಗೆರೆಯೂ ಹರಿಹರವೂ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದುವು. ಅದಕ್ಕೂ ಹಿಂದೆ ಮೈಸೂರು ಸಂಸ್ಥಾನದ ಉತ್ತರದ ಅಂಚಾಗಿದ್ದ ಈ ಸೀಮೆಯಿಂದ ತುಂಗಭದ್ರೆಯನ್ನು ದಾಟಿದರೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ, ಹರಪನಹಳ್ಳಿಯ ಕಡೆಗೆ ಹೋದರೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ. ರಾಜ್ಯದ ಗಡಿಗಳನ್ನೇ ಬಹುಮಟ್ಟಿಗೆ ಅನುಸರಿಸಿದ್ದ ಮಿಷನ್ನುಗಳ ಕ್ಷೇತ್ರಗಳೂ ಇಲ್ಲಿಯೇ ಸಂಧಿಸಿದುವು. ಈಶಾನ್ಯದಲ್ಲಿ ಮೇಲೆ ಹೇಳಿದ ಲಂಡನ್ ಸಂಘ. ಹೊಳೆಯಾಚೆ, 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲಸಿದ ಬಾಸೆಲ್ ಮಿಷನ್. ಜರ್ಮನಿಯ ಲೂಥರನರೂ ಸ್ವಿಟ್ಜರ್ಲೆಂಡಿನ ರಿಫಾರ್ಮ್ಡ್ ಸಭೆಯವರೂ ಕೂಡಿ ನಡೆಸುತ್ತಿದ್ದ ಈ ಸಂಸ್ಥೆ ಒಂದೇ ಪಂಗಡದ ವಿಶ್ವಾಸಪ್ರಮಾಣಕ್ಕೆ ಕಟ್ಟುಬಿದ್ದಿರಲಿಲ್ಲ. ದಕ್ಷಿಣದಿಂದ, ಮೈಸೂರು ಸಂಸ್ಥಾನದಲ್ಲೆಲ್ಲ ಹರಡಿದ್ದ ವೆಸ್ಲಿಯನ್ ಮಿಷನ್. ಇವರ ಮೂಲಪುರುಷನಾದ ಜಾನ್ ವೆಸ್ಲಿ ತಾನು ಏಕಗ್ರಂಥನಿಷ್ಠನೆಂದು ಹೇಳಿಕೊಂಡಿದ್ದರೂ, ಅವನ ಪ್ರಸಂಗಗಳೂ ಹೊಸ ಒಡಂಬಡಿಕೆಗೆ ಅವನು ಬರೆದ ಟಿಪ್ಪಣಿಗಳೂ ಅವನ ಅನುಯಾಯಿಗಳಿಗೆ ಬೋಧನೆಯ ಮಾನದಂಡಗಳಾದುವು.

ಇವಕ್ಕೆ ಎದುರಾಗಿ ಹರಿಹರದಲ್ಲಿ ಕಥೋಲಿಕ ಪರಂಪರೆ ಬಲವಾಗಿ ನಿಂತಿದೆ. ಕಿರಿಯ ಬೆಸಿಲಿಕದ ಪದವಿಯನ್ನು ಪಡೆದಿರುವ ಅಲ್ಲಿನ ಆರೋಗ್ಯಮಾತೆಯ ದೇವಾಲಯಕ್ಕೆ ಸೆಪ್ಟೆಂಬರ್ 8ರ ಉತ್ಸವದಲ್ಲಿ ಕ್ರೈಸ್ತರೊಡನೆ ಅನ್ಯಮತೀಯರೂ ಹರಕೆ ಹೊತ್ತು ಬರುವರು. ಮರಿಯಮ್ಮನ ಮಧ್ಯಸ್ಥಿಕೆಯನ್ನು ಬೇಡುವ ಈ ಭಕ್ತಿಗೆ ಶಾಸ್ತ್ರಾಧಾರವಿಲ್ಲವೆಂದು ಪ್ರಾಟೆಸ್ಟಂಟರು ಆಕ್ಷೇಪಿಸುವರು. ಶಾಸ್ತ್ರವನ್ನು ಸಭೆಯ ಜೀವಂತ ಪರಂಪರೆಯಿಂದ ಬೇರ್ಪಡಿಸಲಾಗದೆಂದು ಕಥೋಲಿಕರು ಸಮಾಧಾನ ಹೇಳುವರು. ಎರಡನೆಯ ವ್ಯಾಟಿಕನ್ ಮಹಾಸಮಿತಿಯು 1965ರಲ್ಲಿ ಬೈಬಲ್ ಪಠನವನ್ನು ಶ್ರೀಸಾಮಾನ್ಯರಿಗೆಲ್ಲ ವಿಹಿತವೆಂದು ಸಾರಿದ ಮೇಲೆ ಈ ಅಂತರ ಕುಗ್ಗಿದೆಯಾದರೂ, ಪ್ರಾಟೆಸ್ಟಂಟರ ಬೈಬಲಿನಲ್ಲಿ 66, ಕಥೋಲಿಕರದರಲ್ಲಿ 73 ಗ್ರಂಥಗಳಿರುವುದರಿಂದ, ಶಾಸ್ತ್ರವೆಂದರೆ ಯಾವುದೆಂಬ ಮೊದಲ ಪ್ರಶ್ನೆಯಲ್ಲಿಯೇ ಭೇದ ಉಳಿದಿದೆ.

ದಕ್ಷಿಣ ಭಾರತ ಸಭೆಯ ಸಮನ್ವಯ

1919ರಲ್ಲಿ ತರಂಗಂಬಾಡಿಯಲ್ಲಿ ವಿ. ಎಸ್. ಅಜರಯ್ಯ ಮೊದಲಾದವರು ಸಭೆಗಳ ಐಕ್ಯಕ್ಕೆ ಕರೆಯಿತ್ತಾಗ ವಿಶ್ವಾಸಪ್ರಮಾಣದ ಪ್ರಶ್ನೆಯೂ ಎದ್ದಿತು. ಪ್ರಾಚೀನ ಪ್ರಮಾಣಗಳನ್ನು ಬಿಡಲಾಗದೆಂಬುದು ಆಂಗ್ಲಿಕನರ ನಿಲುವು. ಲಂಡನ್ ಸಂಘದ ಪರಂಪರೆಯ ಕಾಂಗ್ರಿಗೇಶನಲ್ ಸಭೆಯವರಿಗಾದರೋ, ಮನುಷ್ಯವಾಕ್ಯಕ್ಕೆ ಅಕ್ಷರಶಃ ಸಮ್ಮತಿ ಕೊಡುವುದು ಮನಸ್ಸಾಕ್ಷಿಗೆ ಒಗ್ಗದ ಮಾತು. ಸುದೀರ್ಘ ಸಮಾಲೋಚನೆಯ ತರುವಾಯ 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಉದ್ಘಾಟಿತವಾದ ದಕ್ಷಿಣ ಭಾರತ ಸಭೆಯು ತನ್ನ ಸಂವಿಧಾನದಲ್ಲಿ ಬೈಬಲನ್ನು ನಂಬಿಕೆಯ ಪರಮ ನಿರ್ಣಾಯಕ ಮಾನದಂಡವೆಂದೂ, ಎರಡು ಪ್ರಾಚೀನ ಪ್ರಮಾಣಗಳನ್ನು ಆ ನಂಬಿಕೆಗೆ ಸಾಕ್ಷಿಯಾಗಿ ಅದನ್ನು ಕಾಪಾಡುವವೆಂದೂ ಅಂಗೀಕರಿಸಿತು. ಅವುಗಳ ಪ್ರತಿಯೊಂದು ಪದಕ್ಕೂ ಪ್ರತಿಯೊಬ್ಬ ಸದಸ್ಯನೂ ಒಪ್ಪಿಗೆ ಕೊಡಬೇಕೆಂಬ ನಿರ್ಬಂಧವಿಲ್ಲವೆಂದು ಐಕ್ಯದ ಯೋಜನೆಯಲ್ಲಿಯೇ ಸ್ಪಷ್ಟಪಡಿಸಲಾಗಿತ್ತು. ಹಳೆಯ ಮೈಸೂರಿನ ವೆಸ್ಲಿಯನ್ ಸಭೆಗಳು ಈ ಐಕ್ಯದಲ್ಲಿ ಸೇರಿದುವು. ಹೊಳೆಯಾಚೆಯ ಬಾಸೆಲ್ ಸಭೆಗಳು ಮುಂದೆ ಬಂದು ಕೂಡಿದುವು.

ಪ್ರಮಾಣರಹಿತ ಸಭೆಗಳು

ಈ ಸಮನ್ವಯವನ್ನು ಒಪ್ಪದೆ ಬೈಬಲೊಂದನ್ನೇ ಹಿಡಿದವರ ಧಾರೆ ಪ್ರತ್ಯೇಕವಾಗಿ ಹರಿಯುತ್ತಲೇ ಇದೆ. ಬ್ರದರನ್ ಸಭೆಗಳಲ್ಲದೆ, ಭಕ್ತಸಿಂಗರು 1941ರಲ್ಲಿ ಮದರಾಸಿನಲ್ಲಿ ಆರಂಭಿಸಿದ ಸ್ವತಂತ್ರ ಸಭೆಗಳ ಸಮೂಹವೂ ಕರ್ನಾಟಕದವರೆಗೆ ಹಬ್ಬಿತು. ಇಂಥ ಸಭೆಗಳಲ್ಲಿ ವಿಶ್ವಾಸಪ್ರಮಾಣದ ಪಠನವಿಲ್ಲ. ಹೊಸ ಒಡಂಬಡಿಕೆಯಲ್ಲಿ ನಂಬಿದವರಿಗೇ ದೀಕ್ಷಾಸ್ನಾನವಾಯಿತೆಂಬ ಕಾರಣದಿಂದ ಶಿಶುಗಳಿಗೆ ದೀಕ್ಷಾಸ್ನಾನವೂ ಇಲ್ಲ. ಇದೇ ಗ್ರಂಥದಲ್ಲಿ ಮನೆಮಂದಿಯೆಲ್ಲ ದೀಕ್ಷಾಸ್ನಾನ ಹೊಂದಿದ ಪ್ರಸಂಗಗಳನ್ನು ತೋರಿಸಿ ದಕ್ಷಿಣ ಭಾರತ ಸಭೆ ಶಿಶುಗಳಿಗೂ ಅದನ್ನು ಕೊಡುತ್ತದೆ.

ವಿಮರ್ಶೆ

ಶಾಸ್ತ್ರೈಕಪ್ರಾಮಾಣ್ಯದ ಬಲವೂ ತೊಡಕೂ ದೀಕ್ಷಾಸ್ನಾನದ ಈ ಉದಾಹರಣೆಯಲ್ಲಿಯೇ ಗೋಚರಿಸುತ್ತವೆ. ಗ್ರಂಥ ಒಂದೇ ಆದರೂ ಅರ್ಥ ಹೇಳುವವರು ಅನೇಕರು. ಪ್ರಮಾಣವಾಕ್ಯವನ್ನು ಬಿಟ್ಟ ಸಭೆಯೂ ಇಂಥ ಅರ್ಥವೇ ಸರಿಯೆಂದು ನಿಯಮಿಸದೆ ಬೋಧಕರನ್ನು ನೇಮಿಸಲಾರದು. 1914ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಅಸೆಂಬ್ಲೀಸ್ ಆಫ್ ಗಾಡ್ ಎಂಬ ಪೆಂತೆಕೊಸ್ತ ಸಭೆ, ಬೈಬಲೇ ತನಗೆ ಸಾಕೆಂದು ಹೊರಟು, ಎರಡೇ ವರ್ಷಗಳಲ್ಲಿ ಮೂಲಸತ್ಯಗಳ ಹೇಳಿಕೆಯೊಂದನ್ನು ಅಂಗೀಕರಿಸಬೇಕಾಯಿತು. ಆದರೂ, ಹುಟ್ಟು, ಪದವಿ, ಪಾಂಡಿತ್ಯಗಳನ್ನು ಎಣಿಸದೆ, ಅಕ್ಷರ ಬಲ್ಲ ಯಾವ ವಿಶ್ವಾಸಿಯಾದರೂ ಬೈಬಲನ್ನು ತೆರೆದು ಸಭಾಪಾಲಕನ ಬೋಧೆಗೆ ಆಧಾರವೆಲ್ಲಿಯೆಂದು ಪ್ರಶ್ನಿಸಬಹುದೆಂಬ ಹಕ್ಕು ಕನ್ನಡ ಕ್ರೈಸ್ತರಿಗೆ ಈ ಸಿದ್ಧಾಂತದಿಂದಲೇ ದೊರೆಯಿತು. ಪ್ರಮಾಣಗಳನ್ನು ಪಠಿಸುವ ಸಭೆಗಳೂ ಇಂದು ಆ ಹಕ್ಕನ್ನು ನಿರಾಕರಿಸುವುದಿಲ್ಲ.