ಬ್ರಾಡ್‌ಬ್ಯಾಂಡ್ ಕೆಲಸ: ಗಡಿ ಭಾಗದ ಯುವಕರಿಗೆ ಬೇಕಾದ ಕೌಶಲ

ಗಡಹಿಂಗ್ಲಜ ತಾಲೂಕಿನ ನೂಲ ಇರಲಿ, ಗಡಿಯಾಚೆಯ ಸಂಕೇಶ್ವರ ಇರಲಿ, ಬ್ರಾಡ್‌ಬ್ಯಾಂಡ್ ಅಂದರೆ ಈಗ ಗಾಜಿನ ಎಳೆ. ರಸ್ತೆ ಅಗೆಯುವ ಜೆಸಿಬಿಯ ಹಲ್ಲು ತಾಗಿ ಅದು ತುಂಡಾದರೆ ಪಂಚಾಯತಿಯ ದಾಖಲೆ, ಬ್ಯಾಂಕಿನ ವ್ಯವಹಾರ, ಮಕ್ಕಳ ಪರೀಕ್ಷಾ ಅರ್ಜಿ ಎಲ್ಲಕ್ಕೂ ತೊಂದರೆ. ತಗ್ಗು ತೋಡುವ ಕೂಲಿ ಹಳ್ಳಿಯವರಿಗೂ ಸಿಗುತ್ತದೆ. ಹೆಚ್ಚಿನ ದುಡ್ಡು ಇರುವುದು ಎಳೆ ಜೋಡಿಸುವ ಕೆಲಸದಲ್ಲಿ.

ಗ್ರಾಮ ಪಂಚಾಯತಿಗಳಿಗೆ ಆಪ್ಟಿಕಲ್ ಫೈಬರ್ ಒಯ್ಯುವ ಯೋಜನೆಗೆ ಕೇಂದ್ರ ಸರಕಾರ 2011ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅದೇ ಮುಂದೆ ಭಾರತ್‌ನೆಟ್ ಆಯಿತು. 2025ರ ಜನವರಿ ಹೊತ್ತಿಗೆ 2.14 ಲಕ್ಷ ಪಂಚಾಯತಿಗಳು ‘ಸೇವೆಗೆ ಸಿದ್ಧ’ ಎಂದು ಸರಕಾರದ ಲೆಕ್ಕ. (‘ಸಿದ್ಧ’ ಎಂಬುದಕ್ಕೂ ‘ನಡೆಯುತ್ತಿದೆ’ ಎಂಬುದಕ್ಕೂ ಇರುವ ಅಂತರವನ್ನು ಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ.) 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂಪಾಯಿಯ ಪರಿಷ್ಕೃತ ಯೋಜನೆ ಮಂಜೂರಾಯಿತು. ಇದರಲ್ಲಿ ನಿರ್ಮಾಣಕ್ಕೆ 3 ವರ್ಷ, ನಿರ್ವಹಣೆಗೆ 10 ವರ್ಷ. ಕೆಲಸ ಹುಡುಕುವವರು ಈ ಹತ್ತು ವರ್ಷದ ಕಡೆ ನೋಡಬೇಕು.

ಅನುಭವಿಗಳ ಕೊರತೆಯೂ ಇದೆ. ಸ್ವಯಂ ನಿವೃತ್ತಿ ಯೋಜನೆಯಡಿ ಬಿಎಸ್‌ಎನ್‌ಎಲ್‌ನ ಸುಮಾರು 78,500 ನೌಕರರು, ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ, 2020ರ ಜನವರಿ 31ರಂದು ಮನೆಗೆ ಹೋದರು. ಯಾವ ಊರಿನ ಲೈನು ಎಲ್ಲಿ ಹೋಗುತ್ತದೆ ಎಂದು ಬಲ್ಲ ಎಷ್ಟೋ ಲೈನ್‌ಮನ್‌ಗಳು ಅವರಲ್ಲಿದ್ದರು.

ಕೆಲಸ ಏನು?

ಎಳೆಯ ಗಾಜಿನ ದಪ್ಪ 125 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ. ಮೇಲಿನ ಲೇಪ ಸುಲಿದು, ಆಲ್ಕೋಹಾಲ್‌ನಿಂದ ಒರೆಸಿ, ತುದಿಯನ್ನು ನೇರವಾಗಿ ಕತ್ತರಿಸಿ ಸ್ಪ್ಲೈಸಿಂಗ್ ಯಂತ್ರದಲ್ಲಿ ಇಡಬೇಕು. ಯಂತ್ರ ವಿದ್ಯುತ್ ಕಿಡಿಯಿಂದ ಎರಡೂ ತುದಿ ಕರಗಿಸಿ ಬೆಸೆಯುತ್ತದೆ. ಒಂದು ಜೋಡಣೆಯಲ್ಲಿ ಬೆಳಕಿನ ನಷ್ಟ 0.1 ಡೆಸಿಬೆಲ್ ಒಳಗಿದ್ದರೆ ಒಳ್ಳೆಯ ಕೆಲಸ. ಬೆವರಿನ ಕೈ, ಧೂಳು, ಅವಸರ ಮೂರೂ ಇಲ್ಲಿ ವೈರಿಗಳು. ಇಚಲಕರಂಜಿಯ ಮಗ್ಗದಲ್ಲಿ ಹರಿದ ನೂಲು ಕಟ್ಟಿ ರೂಢಿಯಿದ್ದವರಿಗೆ ಈ ತಾಳ್ಮೆ ಹೊಸದಲ್ಲ.

ಎಲ್ಲಿ ತುಂಡಾಗಿದೆ ಎಂದು ಹುಡುಕಲು ಓಟಿಡಿಆರ್ ಎಂಬ ಯಂತ್ರವಿದೆ. ಅದು ಎಳೆಯೊಳಗೆ ಬೆಳಕು ಬಿಟ್ಟು, ಹಿಂದಿರುಗಿದ ಬೆಳಕಿನಿಂದ ದೂರ ಲೆಕ್ಕ ಹಾಕುತ್ತದೆ. 3,200 ಮೀಟರ್ ಎಂದು ತೋರಿಸಿತು ಅನ್ನಿ. ಅದು ಎಳೆಯ ಉದ್ದ, ರಸ್ತೆಯ ಉದ್ದವಲ್ಲ. ಮುಂದಿನ ರಿಪೇರಿಗೆಂದು ಜೋಡಣೆಯ ಗುಂಡಿಗಳಲ್ಲಿ ಹೆಚ್ಚುವರಿ ಕೇಬಲ್ ಸುರುಳಿ ಸುತ್ತಿ ಇಟ್ಟಿರುತ್ತಾರೆ. ಆ ಗುಂಡಿ ಯಾವ ಮೋರಿಯ ಪಕ್ಕ, ಯಾರ ಹೊಲದ ಬದುವಿಗೆ ಎಂದು ಗೊತ್ತಿದ್ದವರು ಬೇಗ ಹೋಗಿ ಮುಟ್ಟುತ್ತಾರೆ. ನಕಾಶೆ ಸರಿಯಿಲ್ಲದ ಕಡೆಯಂತೂ ಊರಿನ ಹುಡುಗನೇ ಬೇಕು.

ತರಬೇತಿ

ಟೆಲಿಕಾಂ ವಲಯ ಕೌಶಲ ಮಂಡಳಿ ಆಪ್ಟಿಕಲ್ ಫೈಬರ್ ಸ್ಪ್ಲೈಸರ್, ಆಪ್ಟಿಕಲ್ ಫೈಬರ್ ಟೆಕ್ನಿಷಿಯನ್, ಬ್ರಾಡ್‌ಬ್ಯಾಂಡ್ ಟೆಕ್ನಿಷಿಯನ್ ಮುಂತಾದ ಉದ್ಯೋಗಗಳಿಗೆ ಪಠ್ಯಕ್ರಮ ರೂಪಿಸಿದೆ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ 2015ರಲ್ಲಿ ಆರಂಭವಾಯಿತು. ಸರ್ಟಿಫಿಕೇಟ್ ರಾಷ್ಟ್ರಮಟ್ಟದ್ದು, ಮಹಾರಾಷ್ಟ್ರದಲ್ಲಿ ಪಡೆದದ್ದು ಕರ್ನಾಟಕದಲ್ಲೂ ನಡೆಯುತ್ತದೆ. ಬಿಎಸ್‌ಎನ್‌ಎಲ್‌ಗೆ ನೂಲ ಒಂದು ಸರ್ಕಲ್, ಸಂಕೇಶ್ವರ ಇನ್ನೊಂದು. ಕೆಲಸಗಾರನಿಗೆ ಆ ಗೆರೆ ಇಲ್ಲ. ಕೊಲ್ಹಾಪುರದ ಗುತ್ತಿಗೆದಾರನೊಡನೆ ಮರಾಠಿ, ಹುಕ್ಕೇರಿಯ ಗಿರಾಕಿಯೊಡನೆ ಕನ್ನಡ ಮಾತಾಡಬಲ್ಲವನಿಗೆ ಎರಡೂ ಕಡೆ ಕೆಲಸ ಕೇಳಲು ಬರುತ್ತದೆ.

ಆದರೆ ಹೆಸರು ಹಚ್ಚುವ ಮೊದಲು ಒಂದು ಪ್ರಶ್ನೆ ಕೇಳಿರಿ: ಸ್ಪ್ಲೈಸಿಂಗ್ ಯಂತ್ರ ಇದೆಯೇ, ಪ್ರತಿ ವಿದ್ಯಾರ್ಥಿಯ ಕೈಗೆ ಎಷ್ಟು ಸಲ ಕೊಡುತ್ತೀರಿ? ಬರೀ ಪರದೆಯ ಮೇಲೆ ಚಿತ್ರ ತೋರಿಸಿ ಕೊಟ್ಟ ಸರ್ಟಿಫಿಕೇಟು ಗುತ್ತಿಗೆದಾರನ ಮುಂದೆ ನಿಲ್ಲುವುದಿಲ್ಲ. ಹನ್ನೆರಡು ಎಳೆಗಳ ಬಣ್ಣದ ಕ್ರಮ ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ, ಗುಲಾಬಿ, ತಿಳಿನೀಲಿ. ಇದನ್ನು ಮನೆಯಲ್ಲೇ ಬಾಯಿಪಾಠ ಮಾಡಬಹುದು. ಬಣ್ಣ ಗುರುತಿಸಲು ತೊಂದರೆ ಇರುವವರು ಮೊದಲೇ ಕಣ್ಣು ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಕತ್ತರಿಸಿದ ಗಾಜಿನ ಚೂರನ್ನು ನೆಲಕ್ಕೆ ಬಿಡದೆ ಡಬ್ಬಿಯಲ್ಲಿ ಹಾಕಬೇಕು, ಚರ್ಮಕ್ಕೆ ಚುಚ್ಚಿದರೆ ತೆಗೆಯುವುದು ಕಷ್ಟ. ಎಳೆಯ ತುದಿಯನ್ನು ಕಣ್ಣಿಗೆ ಹಿಡಿದು ನೋಡಲೇಬಾರದು. ಅದರೊಳಗಿನ ಬೆಳಕು ಕಾಣುವುದಿಲ್ಲ, ಕಣ್ಣು ಮಾತ್ರ ಕೆಡುತ್ತದೆ.